ರಕ್ಷಿತರ ಸಹಿ

ಪದಕಪ್ಪ ಎಂಬ ಹೆಸರನ್ನು ಅವನಿಗೆ ಇಟ್ಟ ಪುಣ್ಯಾತ್ಮ ಈಗ ನಿವೃತ್ತನಾಗಿ ಎಲ್ಲೋ ಕಾಲು ಚಾಚಿ ಮಲಗಿರಬೇಕು. ಹೆಸರು ಮಾತ್ರ ಇಲ್ಲೇ ಉಳಿದುಬಿಟ್ಟಿತು. ಹತ್ತೊಂಬತ್ತು ವರ್ಷದ ಹಿಂದೆ ಕಳ್ಳನೊಬ್ಬನನ್ನು ಅಟ್ಟಿಸಿಕೊಂಡು ಹೋಗಿ, ಗೋಡೆ ಹಾರಲು ಹೋಗಿ, ಮಂಡಿ ಮುರಿದುಕೊಂಡ ಈ ಹೆಡ್ ಕಾನ್‌ಸ್ಟೇಬಲ್‌ನನ್ನು ಇಲಾಖೆ ಪ್ರಶಸ್ತಿ ವಿಭಾಗದ ಮೇಜಿನ ಹಿಂದೆ ಕೂರಿಸಿತು. ಕಳ್ಳ ಸಿಗಲಿಲ್ಲ, ಹಾಗಾಗಿ ಅವನಿಗೆ ಪದಕವೂ ಸಿಗಲಿಲ್ಲ. ಅಂದಿನಿಂದ ಊರಿನ ಶೌರ್ಯವನ್ನೆಲ್ಲ ವರ್ಷಕ್ಕೊಮ್ಮೆ ಕಡತಕ್ಕೆ ಹಾಕಿ ದಾರ ಕಟ್ಟುವುದೇ ಅವನ ಕೆಲಸವಾಯಿತು.

ಈ ಸಲ ಹನ್ನೆರಡು ಕಡತ. ಸೋಮವಾರದ ಹೊತ್ತಿಗೆ ಹನ್ನೊಂದು ಮುಗಿದಿದ್ದವು. ಬ್ರೇಕ್ ತಪ್ಪಿದ ಬಸ್ಸಿನೊಳಗೆ ಹಾರಿ ಅದನ್ನು ನಿಲ್ಲಿಸಿದ ಕಾನ್‌ಸ್ಟೇಬಲ್ ಒಬ್ಬ; ಉರಿಯುವ ಮನೆಯಿಂದ ಮುದುಕಿಯನ್ನು ಹೊತ್ತು ತಂದ ಪೇಂಟರ್ ಒಬ್ಬ; ಶಾಲೆಯ ಮುಂದಿನ ರಸ್ತೆಗೆ ದೀಪ ಹಾಕಿಸಲು ನಲವತ್ತು ಅರ್ಜಿ ಬರೆದ ಐದು ಹುಡುಗಿಯರ ಗುಂಪು, ಇವರಿಗೆ ಯುವ ಸೇವಾ ಪ್ರಶಸ್ತಿ. ಅವರ ಮೊದಲ ಮೂವತ್ತೊಂಬತ್ತು ಅರ್ಜಿಗಳು ಕಳೆದುಹೋದದ್ದು ಇದೇ ಕಟ್ಟಡದ ಎರಡನೇ ಮಹಡಿಯಲ್ಲಿ. ಅದನ್ನು ಪ್ರಶಂಸಾ ಪತ್ರದಲ್ಲಿ ಬರೆಯುವಂತಿರಲಿಲ್ಲ, ಪದಕಪ್ಪ ಬರೆಯಲೂ ಇಲ್ಲ.

ಹನ್ನೆರಡನೆಯದು ಇಸ್ತ್ರಿ ಅಂಗಡಿಯ ಅಕ್ಕನದು. ಆರು ತಿಂಗಳ ಹಿಂದೆ, ಬೆಳಗಿನ ಹತ್ತು ಗಂಟೆಗೆ, ಅಂಗಡಿಯ ಹಿಂದಿನ ಕಾಲುವೆಗೆ ಬಿದ್ದ ಒಬ್ಬರನ್ನು ಉಟ್ಟ ಬಟ್ಟೆಯಲ್ಲೇ ಹಾರಿ ಎಳೆದು ತಂದವಳು. ಎಳೆಯುವಾಗ ಅವಳ ಬಲ ಭುಜದ ಕೀಲು ತಪ್ಪಿತ್ತು. ಸರಿಮಾಡಿಸಿದರೂ ಆ ಕೈಗೆ ಹಿಂದಿನ ಶಕ್ತಿ ಬರಲೇ ಇಲ್ಲ. ಈಗ ಎಡಗೈಯಲ್ಲಿ ಇಸ್ತ್ರಿ ಹಾಕುತ್ತಾಳೆ, ದಿನಕ್ಕೆ ಅರ್ಧದಷ್ಟು ಬಟ್ಟೆಯೂ ಮುಗಿಯುವುದಿಲ್ಲ.

ಆ ಕಡತಕ್ಕೆ ಬೇಕಾಗಿದ್ದದ್ದು ಒಂದೇ ಒಂದು ಸಹಿ, ರಕ್ಷಿತರ ಸಹಿ, ಅಂದರೆ ಜೀವ ಉಳಿದವರದು. ಈ ನಿಯಮದ ಹಿಂದೆ ಒಂದು ಕಥೆಯಿದೆ. ಹಿಂದೊಮ್ಮೆ ಒಬ್ಬ ಭಾವ, ಒಬ್ಬ ಭಾಮೈದ ಸೇರಿಕೊಂಡು, ಒಂದು ವರ್ಷ ಇವನು ಕೆರೆಗೆ ಬೀಳುವುದು, ಅವನು ಎತ್ತುವುದು, ಮರುವರ್ಷ ಅವನು ಬೀಳುವುದು, ಇವನು ಎತ್ತುವುದು ಮಾಡಿ ಎರಡು ಪದಕ ಹೊಡೆದಿದ್ದರು. ಆಮೇಲೆ ವಿಭಾಗದವರೇ ರಕ್ಷಿತರ ಮನೆಗೆ ಹೋಗಿ, ಘಟನೆಯ ವಿವರ ಓದಿ ಹೇಳಿ, ಎದುರಿಗೇ ಸಹಿ ಹಾಕಿಸಿಕೊಂಡು ಬರಬೇಕೆಂದು ಆಯಿತು. ಸಹಿ ಬಿದ್ದ ಆ ವಿವರವನ್ನೇ ಸಮಾರಂಭದಲ್ಲಿ ಹೆಸರು ಸಮೇತ ಮೈಕಿನಲ್ಲಿ ಓದುತ್ತಾರೆ.

ರಕ್ಷಿತರು ಗಣಿತದ ಮೇಷ್ಟ್ರು. ಮನೆ ಮೂರನೇ ಮಹಡಿಯಲ್ಲಿ. ಪದಕಪ್ಪ ಮಂಡಿಯನ್ನು ಬೈದುಕೊಳ್ಳುತ್ತ, ಮಹಡಿಗೊಂದು ಸಲ ಗೋಡೆಗೆ ಒರಗುತ್ತ ಹತ್ತಿದ. ಮೇಷ್ಟ್ರ ಅಕ್ಕ ಬಾಗಿಲು ತೆರೆದು, ಒಳಗೆ ಕೂರಿಸಿ, ನೀರು ಕೊಟ್ಟು, ಅಡುಗೆಮನೆಯ ಬಾಗಿಲಲ್ಲಿ ನಿಂತರು. ತಮ್ಮನನ್ನು ಒಬ್ಬನೇ ಬಿಡದ ಅಭ್ಯಾಸ ಅವರ ನಿಲುವಿನಲ್ಲೇ ಕಾಣುತ್ತಿತ್ತು. ಪದಕಪ್ಪ ಕನ್ನಡಕ ಏರಿಸಿ ಓದಿದ. ಸದರಿ ದಿನ ಸೇತುವೆಯ ಮೇಲೆ ನಡೆದುಹೋಗುತ್ತಿದ್ದಾಗ ಆಕಸ್ಮಿಕವಾಗಿ ಕಾಲು ಜಾರಿ ಕಾಲುವೆಗೆ ಬಿದ್ದ ಇವರನ್ನು, ತನ್ನ ಪ್ರಾಣದ ಹಂಗು ತೊರೆದು...

ಮೇಷ್ಟ್ರು ಕೈ ಎತ್ತಿ ನಿಲ್ಲಿಸಿದರು. ತರಗತಿಯಲ್ಲಿ ತಪ್ಪು ಲೆಕ್ಕ ಮಾಡುವವನನ್ನು ನಿಲ್ಲಿಸುವ ಹಾಗೆ, ಸಿಟ್ಟಿಲ್ಲದೆ.

"ಆ ಸೇತುವೆ ಕಂಬಿ ನನ್ನ ಎದೆ ಮಟ್ಟಕ್ಕಿದೆ, ಸಾಹೇಬ್ರೇ. ಅದರ ಮೇಲಿಂದ ಕಾಲು ಹೇಗೆ ಜಾರುತ್ತೆ? ನೀವು ಮೈಕಲ್ಲಿ ಓದಿದ್ರೆ ಆರನೇ ಕ್ಲಾಸಿನ ಮಕ್ಕಳೇ ಲೆಕ್ಕ ಹಾಕಿಬಿಡ್ತಾರೆ."

ಪದಕಪ್ಪ ನಾಲಿಗೆ ಕಚ್ಚಿಕೊಂಡ. ಹತ್ತೊಂಬತ್ತು ವರ್ಷದಿಂದ ಅವನ ಕಡತಗಳಲ್ಲಿ ನೀರಿಗೆ ಬಿದ್ದವರೆಲ್ಲ ಕಾಲು ಜಾರಿಯೇ ಬಿದ್ದಿದ್ದರು. ಹಳೆಯ ಪತ್ರ ಮುಂದಿಟ್ಟುಕೊಂಡು ಹೆಸರು, ತಾರೀಕು ಬದಲಿಸುವುದು ವಿಭಾಗದ ರೂಢಿ. ಈ ಸೇತುವೆಯನ್ನು ಅವನು ಒಮ್ಮೆಯೂ ಹೋಗಿ ನೋಡಿರಲಿಲ್ಲ. ನೋಡಿದ್ದರೆ, ಎದುರಿಗೆ ಕೂತ ಮನುಷ್ಯನ ಮುಖಕ್ಕೆ ಈ ಸುಳ್ಳನ್ನು ಗಟ್ಟಿಯಾಗಿ ಓದಿ ಹೇಳುವ ಗತಿ ಬರುತ್ತಿರಲಿಲ್ಲ.

ಸಹಿ ಹಾಕಲಾರೆ ಎಂದು ಮೇಷ್ಟ್ರು ಮೆತ್ತಗೆ ಹೇಳಿದರು. ನಿಜ ಬರೆದರೆ ಶಾಲೆಗೆ ಮುಖ ತೋರಿಸಲಾಗದು, ಸುಳ್ಳು ಬರೆದರೆ ಬೆನ್ನ ಹಿಂದೆ ನಗು ತಪ್ಪದು. ಮತ್ತೆ ಪಾಠಕ್ಕೆ ಹೋಗಲು ಶುರುಮಾಡಿ ಈಗಷ್ಟೇ ಎರಡು ತಿಂಗಳಾಗಿದೆ, ಅಷ್ಟನ್ನಾದರೂ ನನಗೆ ಉಳಿಸಿಬಿಡಿ ಎಂದರು. ಅವರ ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದರು.

ಮರುದಿನ ಪದಕಪ್ಪ ಸೂಪರಿಂಟೆಂಡೆಂಟರ ಮುಂದೆ ನಿಂತು, ಹೆಸರಿನ ಬದಲು 'ಒಬ್ಬ ವ್ಯಕ್ತಿ' ಎಂದು ಬರೆಯಬಹುದೇ ಎಂದು ಕೇಳಿದ. ಅವರು ತಲೆ ಎತ್ತಲಿಲ್ಲ. ಒಬ್ಬ ವ್ಯಕ್ತಿಯ ಸಹಿ ಎಲ್ಲಿಂದ ತರುತ್ತೀಯಪ್ಪ ಎಂದರು. ಶುಕ್ರವಾರ ಸಂಜೆಗೆ ಪಟ್ಟಿ ಮುಚ್ಚುತ್ತದೆ, ಅಷ್ಟರೊಳಗೆ ಬಂದರೆ ಬಂತು, ಇಲ್ಲದಿದ್ದರೆ ಕಡತ ಕೆಳಗಿಡು ಎಂದರು. ಆ ಸಹಿಯನ್ನು ತಾನೇ ಗೀಚಿಬಿಡೋಣವೇ ಎಂಬ ಯೋಚನೆ ಅವನಿಗೆ ಮಧ್ಯಾಹ್ನವೆಲ್ಲ ಬಂತು. ಪೆನ್ನಿನ ಮುಚ್ಚಳವನ್ನೂ ತೆಗೆದ. ಆದರೆ ಸಹಿಯ ಮೇಲಿದ್ದ ವಿವರವನ್ನು ಸಭೆಯಲ್ಲಿ ಓದಿದ ಮೇಲೆ ಆ ಮನುಷ್ಯ ಮತ್ತೆ ಯಾವ ಸೇತುವೆಗೆ ಹೋಗಬಹುದು ಎಂಬುದು ನೆನಪಾಗಿ ಮುಚ್ಚಳ ಹಾಕಿದ. ಮೈಯೆಲ್ಲ ದಣಿದಂತಾಯಿತು. ಬಸ್ಸಿನೊಳಗೆ ಹಾರಿದ ಹುಡುಗನಿಗೆ ಇಷ್ಟು ದಣಿವಾಗಿರಲಿಕ್ಕಿಲ್ಲ.

ಗುರುವಾರ ಇಸ್ತ್ರಿ ಅಂಗಡಿಗೆ ಹೋದ. ಅಂಗಡಿ ಎಂದರೆ ಮನೆಯ ಮುಂಗೋಣೆಯೇ. ಮೇಜು, ಅದರ ಮೇಲೆ ಮಡಿಸಿದ ಕಂಬಳಿ, ಗೋಡೆಗೆ ಸಾಲಾಗಿ ಗಂಟುಗಳು. ಮೂಲೆಯ ಕುರ್ಚಿಯಲ್ಲಿ ಅವಳ ಅತ್ತೆ ಕೂತು ಗುಂಡಿ ಹೊಲಿಯುತ್ತಿದ್ದಳು. ಪೊಲೀಸನನ್ನು ಕಂಡದ್ದೇ ತಡ, ಅತ್ತೆಯ ಬಾಯಿ ಬಿಚ್ಚಿತು. ಊರಿನಲ್ಲಿ ಬೇರೆ ಯಾರೂ ಇರಲಿಲ್ಲವೇ, ಗಂಡಸರೆಲ್ಲ ದಡದಲ್ಲಿ ನಿಂತು ನೋಡುತ್ತಿದ್ದಾಗ ಇವಳೇ ಯಾಕೆ ಹಾರಬೇಕಿತ್ತು, ಯಾರೋ ಏನೋ ಅವರನ್ನು ತಬ್ಬಿಕೊಂಡು ಎಳೆದು ತಂದು ಕೈ ಕಳೆದುಕೊಂಡದ್ದು ಯಾವ ಭಾಗ್ಯಕ್ಕೆ ಎಂದು ಆರು ತಿಂಗಳಿಂದ ಹೇಳುತ್ತಿದ್ದದ್ದನ್ನೇ ಮತ್ತೆ ಹೇಳಿದಳು. ಗಂಡನೂ ಊಟಕ್ಕೆ ಕೂತಾಗ ಅದನ್ನೇ ಹೇಳುತ್ತಾನಂತೆ. ಬೀದಿಯವರೂ ಬಟ್ಟೆ ತಡವಾದಾಗಲೆಲ್ಲ ನಗುತ್ತ ಅದನ್ನೇ ಹೇಳುತ್ತಾರಂತೆ.

ಪದಕಪ್ಪ ಸುತ್ತುಬಳಸಿ ಮಾತಾಡಲಿಲ್ಲ. ಸಹಿ ಸಿಕ್ಕಿಲ್ಲ, ಪದಕ ಬರುವುದಿಲ್ಲ ಎಂದ. ಕಾರಣವನ್ನು ಹೇಗೆ ಹೇಳಲಿ ಎಂದು ಅವನು ತಡವರಿಸುತ್ತಿರುವಾಗಲೇ ಅವಳು ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು.

"ಅವರು ಕಂಬಿ ಹತ್ತಿದ್ದನ್ನ ನಾನು ನೋಡಿದೀನಿ ಸಾರ್. ಕಾಲು ಜಾರ್ತು ಅಂತ ಸ್ಟೇಷನ್ನಲ್ಲಿ ಮೊದಲು ಹೇಳಿದ್ದೇ ನಾನು. ಮತ್ತೆ ಅವರನ್ನ ಎಳೆದಾಡೋದು ಬೇಡ ಅಂತ."

ಪದಕಪ್ಪ ಸ್ಟೂಲಿನ ಮೇಲೆ ಕೂತ. ಅತ್ತೆಯ ಸೂಜಿ ನಿಂತಿತು.

"ನೀರೊಳಗೆ ಅವರು ಬಿಡು ಅಂದ್ರು. ಎರಡು ಸಲ ಅಂದ್ರು. ನಾನು ಬಿಡಲಿಲ್ಲ. ಇವರೆಲ್ಲ ನಿನಗ್ಯಾಕೆ ಬೇಕಿತ್ತು ಅನ್ನೋದು ಒಂದು ಕಡೆ ಇರಲಿ. ಅವರೇ ಬಿಡು ಅಂದಿದ್ರಲ್ಲ. ದೊಡ್ಡವರು ಯಾರಾದ್ರೂ ನಾಲ್ಕು ಜನರ ಮುಂದೆ ನೀನು ಮಾಡಿದ್ದು ಸರಿ ಅಂದ್ರೆ ಸಾಕು ಅಂತ ಈ ಪದಕಕ್ಕೆ ಕಾಯ್ತಿದ್ದೆ."

ಅವಳು ಅಳಲಿಲ್ಲ. ಎಡಗೈಯಿಂದ ಬಲ ಭುಜವನ್ನು ಒತ್ತಿಕೊಂಡಳು. ಇದನ್ನು ಅವಳು ಗಂಡನಿಗೂ ಹೇಳಿರಲಿಲ್ಲ ಎಂಬುದು ಅತ್ತೆಯ ಮುಖದಲ್ಲೇ ಗೊತ್ತಾಗುತ್ತಿತ್ತು.

"ಪದಕ ನಿಮ್ಮ ಹತ್ರಾನೇ ಇರಲಿ. ನಾನು ಎತ್ತಿದ್ದು ತಪ್ಪಾಯ್ತಾ ಅಂತ ಅವರನ್ನ ಒಂದು ಮಾತು ಕೇಳ್ಕೊಂಡು ಬನ್ನಿ."

ನೀವೇ ಹೋಗಿ ಕೇಳಬಹುದಲ್ಲ ಎಂದು ಪದಕಪ್ಪ ಹೇಳಬಹುದಿತ್ತು. ಹೇಳಲಿಲ್ಲ. ತಪ್ಪು ಎಂದು ಅವರ ಬಾಯಿಂದಲೇ ಕೇಳುವ ಧೈರ್ಯ ಅವಳಿಗಿಲ್ಲ ಎಂಬುದು ಅವನಿಗೆ ತಿಳಿಯಿತು. ಕಾಲುವೆಗೆ ಹಾರಿದವಳಿಗೂ ಇಲ್ಲದ ಧೈರ್ಯ ಅದು.

ಶುಕ್ರವಾರ ಶಾಲೆ ಬಿಟ್ಟ ಮೇಲೆ ಮತ್ತೆ ಮೂರು ಮಹಡಿ ಹತ್ತಿದ. ಕಡತ ತಂದಿರಲಿಲ್ಲ. ಬರಿಗೈ ಕಂಡು ಮೇಷ್ಟ್ರಿಗೆ ಸಮಾಧಾನವಾಯಿತೋ ಗಾಬರಿಯಾಯಿತೋ ಗೊತ್ತಾಗಲಿಲ್ಲ. ಪದಕಪ್ಪ ಉಸಿರು ಸರಿಮಾಡಿಕೊಂಡು, ಇಸ್ತ್ರಿ ಅಂಗಡಿಯ ಅಕ್ಕ ಕೇಳಿದ ಮಾತನ್ನು ಒಂದಕ್ಷರ ಸೇರಿಸದೆ, ಒಂದಕ್ಷರ ಬಿಡದೆ ಕೇಳಿದ. ಇಷ್ಟು ವರ್ಷದ ನೌಕರಿಯಲ್ಲಿ ಹಳೆಯ ಪತ್ರ ನೋಡದೆ ಅವನು ಕೇಳಿದ ಮೊದಲ ಪ್ರಶ್ನೆ ಅದೇ ಇರಬೇಕು.

ಮೇಷ್ಟ್ರು ಮುಂದಿದ್ದ ಉತ್ತರಪತ್ರಿಕೆಗಳ ಅಂಚನ್ನು ತಟ್ಟಿ ತಟ್ಟಿ ಸಮ ಮಾಡಿದರು. ಅವರ ಅಕ್ಕ ಈ ಸಲ ಒಳಗೆ ಹೋಗಲಿಲ್ಲ, ಬಾಗಿಲನ್ನು ಹಿಡಿದು ನಿಂತಿದ್ದರು.

ಮೊದಲು ದಿನಾ ತಪ್ಪು ಅಂತಲೇ ಅನ್ನಿಸುತ್ತಿತ್ತು ಎಂದು ಕೊನೆಗೆ ಮೇಷ್ಟ್ರು ಹೇಳಿದರು. ಎದ್ದ ತಕ್ಷಣ ಅದೇ ಯೋಚನೆ. ಆ ಹೆಂಗಸಿನ ಮೇಲೆ ಸಿಟ್ಟೂ ಬರುತ್ತಿತ್ತು. ಅವಳ ಕಣ್ಣಿಗೆ ಬೀಳಬಾರದೆಂದು ಸುತ್ತಿಕೊಂಡು ಶಾಲೆಗೆ ಹೋಗುತ್ತಿದ್ದರಂತೆ. ಈಗ ಒಂದೊಂದು ದಿನ ಅನ್ನಿಸುತ್ತದೆ, ಒಂದೊಂದು ದಿನ ಅನ್ನಿಸುವುದಿಲ್ಲ. ಆಕೆಗೆ ಸುಳ್ಳು ಹೇಳಬೇಡಿ, ಇಷ್ಟೇ ಹೇಳಿ ಎಂದರು.

ಪದಕಪ್ಪ ತಲೆಯಾಡಿಸಿ ಎದ್ದ. ಬಾಗಿಲವರೆಗೆ ಹೋದವನು ತಿರುಗಿ ಕೇಳಿದ.

"ಇವತ್ತು, ಮೇಷ್ಟ್ರೇ?"

ಮೇಷ್ಟ್ರು ಲೆಕ್ಕ ಹಾಕುವವರ ಹಾಗೆ ಕಣ್ಣು ಮುಚ್ಚಿ ಯೋಚಿಸಿದರು.

"ಇವತ್ತು ಅನ್ನಿಸಿಲ್ಲ."

ಪಟ್ಟಿ ಮುಚ್ಚುವ ಹೊತ್ತಾಗಿತ್ತು. ಪದಕಪ್ಪ ಕಚೇರಿಗೆ ಹೋಗದೆ ಇಸ್ತ್ರಿ ಅಂಗಡಿಯ ದಾರಿ ಹಿಡಿದ. ಹೊಸಿಲ ಬಳಿ ನಿಂತು, ಕಾಲು ನೋಯುತ್ತಿದ್ದರೂ ಒರಗದೆ, ಮೇಷ್ಟ್ರು ಹೇಳಿದ್ದನ್ನೆಲ್ಲ ಹೇಳಿದ. ತಪ್ಪು ಅನ್ನಿಸುವ ದಿನಗಳನ್ನೂ ಹೇಳಿದ, ಸಿಟ್ಟನ್ನೂ ಬಚ್ಚಿಡಲಿಲ್ಲ. ಇವತ್ತು ಅನ್ನಿಸಿಲ್ಲವಂತೆ ಎಂಬುದನ್ನು ಕೊನೆಗೆ ಹೇಳಿದ. ಅತ್ತೆ ಎದ್ದು ಬಂದು ಸೊಸೆಯ ಮುಂದಿದ್ದ ಅಂಗಿಯ ತೋಳನ್ನು ಎಳೆದು ನೆಟ್ಟಗೆ ಮಾಡಿ ಹಿಡಿದುಕೊಂಡಳು.

ಇಸ್ತ್ರಿ ಅಂಗಡಿಯ ಅಕ್ಕ ಆ ತೋಳಿನ ಮೇಲೆ ಪೆಟ್ಟಿಗೆ ಆಡಿಸಿದಳು. ತೋಳು ಮುಗಿಯುವವರೆಗೆ ತಲೆ ಎತ್ತಲಿಲ್ಲ.

"ನಾಳೆ ಇನ್ನೊಂದು ಸಲ ಕೇಳ್ಕೊಂಡು ಬರ್ತೀರಾ, ಸಾರ್?"

ಪದಕಪ್ಪ ಮೂರು ಮಹಡಿಯನ್ನು ನೆನೆದು ಮಂಡಿ ಉಜ್ಜಿಕೊಂಡ. ಆಮೇಲೆ, ಬರ್ತೀನಮ್ಮ ಎಂದ.