ಹುಳದ ಮನೆ ಗಾಳಿ, ಬಾಣಂತಿ ಕ್ವಾಣೆ ಗಾಳಿ

ಸುಮನಾ ಮೇಡಂ ಫೋನ್ ಬಂದಾಗ ದೀಪು ತೋಟದಲ್ಲಿ ರೇಷ್ಮೆ ಹುಳಕ್ಕೆ ಸೊಪ್ಪು ಕುಯ್ತಾ ಇದ್ದ. ಕುಡ್ಲು ಕೆಳಗಿಟ್ಟು ಫೋನ್ ಎತ್ತಿದ.

"ದೀಪು, ನಿಮ್ಮನೆ ರಿಸಲ್ಟ್ ಬಂತು. ತುಂಬ ಕಮ್ಮಿ ಇದೆ, ಏನೂ ಯೋಚನೆ ಇಲ್ಲ. ಪಕ್ಕದ ಚಲುವಯ್ಯನವರ ಮನೇದೇ ಜಾಸ್ತಿ ಬಂದಿದೆ."

"ಇನ್ನೊಂದ್ಸಲ ನೋಡಿ ಮೇಡಂ. ನಮ್ಮನೇಲಿ ಯಾರೂ ಒಂದೇ ಸಲಕ್ಕೆ ಪಾಸಾಗಿದ್ದು ಇತಿಹಾಸದಲ್ಲೇ ಇಲ್ಲ."

ಸುಮನಾ ನಕ್ಕು ಫೋನಿಟ್ಲು. ಅವಳು ಬೆಂಗಳೂರಿನ ಯಾವುದೋ ಕಾಲೇಜಲ್ಲಿ ರಿಸರ್ಚ್ ಮಾಡೋಳು. ಆಗಾಗ ಕನಕಪುರದ ಬಸ್ ಹತ್ತಿ ಬಂದು, ಕಲ್ಲುಚಪ್ಪಡಿ ಮನೆ ಎಲ್ಲೆಲ್ಲಿವೆ ಅಂತ ಹುಡುಕಿ, ಒಂದೊಂದು ಮನೇಲಿ ಒಂದೊಂದು ಪ್ಲಾಸ್ಟಿಕ್ ಡಬ್ಬಿ ನೇತಾಕಿ ಹೋಗಿದ್ಲು. ಟೀ ಲೋಟದಷ್ಟು ಡಬ್ಬಿ. ಮೂರು ತಿಂಗಳು ಯಾರೂ ಮುಟ್ಟಬಾರದು. ಒಳಗೆ ಸಣ್ಣ ಫಿಲಂ ತುಂಡು ಐತೆ ಅಂದಾಗ ದೀಪು ಕಿವಿ ನೆಟ್ಟಗಾಗಿತ್ತು.

"ಫಿಲಂ ಅಂದ್ಮೇಲೆ ಹೀರೋ ಯಾರು ಮೇಡಂ?"

"ಹೀರೋ ಇಲ್ಲ. ವಿಲನ್ ಮಾತ್ರ. ರೇಡಾನ್ ಅಂತ ಒಂದು ಗಾಳಿ. ಕಲ್ಲಿಂದ, ಮಣ್ಣಿಂದ ಬರುತ್ತೆ. ಬಯಲಲ್ಲಿ ಹಾರಿ ಹೋಗುತ್ತೆ, ಮುಚ್ಚಿದ ಮನೇಲಿ ತುಂಬ್ಕೊಳ್ಳುತ್ತೆ. ವರ್ಷಗಟ್ಟಲೆ ಉಸಿರಾಡಿದ್ರೆ ಶ್ವಾಸಕೋಶಕ್ಕೆ ಕ್ಯಾನ್ಸರ್ ಬರಬಹುದು. ಬೀಡಿ ಸೇದೋರಿಗೆ ಇನ್ನೂ ಜಾಸ್ತಿ."

"ಹೆಂಗಿರ್ತಾನೆ ನೋಡೋಕೆ?"

"ಬಣ್ಣ ಇಲ್ಲ, ವಾಸನೆ ಇಲ್ಲ. ಅಳೆದ್ರೆ ಮಾತ್ರ ಗೊತ್ತಾಗೋದು."

ಎಂಟ್ರಿಗೆ ಮ್ಯೂಸಿಕ್ ಇಲ್ಲ, ಕ್ಲೋಸಪ್ಪಿಗೆ ಮುಖ ಇಲ್ಲ, ಇಂಥ ವಿಲನ್ನ ನಂಬೋದು ಹೆಂಗೆ ಅಂತ ದೀಪು ಅವತ್ತೇ ತಲೆ ಕೆರ್ಕೊಂಡಿದ್ದ. ಆದ್ರೂ ಡಬ್ಬಿನ ಒಳಕ್ವಾಣೆ ಮೊಳೆಗೆ ಕಟ್ಟಿಸಿದ್ದು ಅವನೇ. ಆಗ ಆ ಕ್ವಾಣೇಲಿ ಅಪ್ಪ ಮಲಗ್ತಿದ್ದ. ಈಗ ಅಲ್ಲಿ ಅಕ್ಕ ಭಾನುಪ್ರಿಯ ಹಸಿ ಬಾಣಂತಿ, ಪಕ್ಕದಲ್ಲಿ ಹುಟ್ಟಿ ಇನ್ನೂ ತಿಂಗಳಾಗದ ಕೂಸು. ಗೋಡೆ ಕಲ್ಲು, ನೆಲ ಕಲ್ಲು, ಇರೋದೊಂದು ಗೇಣು ಕಿಟಕಿ. ಅದಕ್ಕೂ ಅವ್ವ ಸರಸಮ್ಮ ಗೋಣಿಚೀಲ ತುರುಕಿ, ಮೂಲೇಲಿ ಕೆಂಡದ ಬಾಣ್ಲಿ ಇಟ್ಟು, ಸಾಂಬ್ರಾಣಿ ಹಾಕಿ ಬಾಗ್ಲು ಎಳೆದಿದ್ಲು. ನಾಲ್ಕೈದು ದಿನದಿಂದ ಅಕ್ಕ ತಲೆ ದಿಮ್ಮಂತದೆ, ಎದ್ರೆ ಕಣ್ಣು ಕತ್ಲೆ ಬತ್ತದೆ ಅಂತಿದ್ಲು. ಆ ಮುಖ ಇಲ್ಲದ ವಿಲನ್ನೇ ಅಕ್ಕನ ತಲೆ ಮೇಲೆ ಕೂತವ್ನೋ ಏನೋ ಅಂತ ದೀಪುಗೆ ಒಳಗೊಳಗೇ ಪುಕಪುಕ. ಈಗ ನೋಡಿದ್ರೆ ಮನೆ ಪಾಸು.

ಸೊಪ್ಪಿನ ಹೊರೆ ಹೊತ್ಕೊಂಡು ಬರೋವಾಗ ಚಲುವಯ್ಯ ಜಗಲಿ ಮೇಲೆ ಬೀಡಿ ಹಚ್ಕೊಂಡು ಕೂತಿದ್ದ.

"ದೊಡ್ಡಪ್ಪ, ನಿಮ್ಮನೆ ಗಾಳಿ ಫೇಲಂತೆ. ನಮ್ದು ಫಸ್ಟ್ ಕ್ಲಾಸು. ಮೇಡಂ ಈಗ ಫೋನ್ ಮಾಡಿದ್ರು."

"ಹೋದ್ ವಾರ ನಂಗೆ ಸಿನ್ಮಾದಲ್ಲಿ ಗೌಡನ ಪಾರ್ಟು ಸಿಕ್ಕೈತೆ ಅಂತ ಮೀಸೆ ಬಿಡ್ಸಿದ್ದೋನಲ್ವೇನ್ಲಾ ನೀನು?"

"ಅದು ಕಾಮಿಡಿ ಟ್ರ್ಯಾಕು ದೊಡ್ಡಪ್ಪ, ಇದು ನಿಜ."

ಚಲುವಯ್ಯ ಹೊಗೆ ಬಿಟ್ಟ. "ನಿಜವಾದ್ರೆ ಒಂದ್ ಮಾತು ಹೇಳು. ನಿಮ್ಮನೆ ಚಪ್ಪಡಿ, ನಮ್ಮನೆ ಚಪ್ಪಡಿ ಎರಡೂ ಒಂದೇ ಬಂಡೇಲಿ ಒಡ್ಸಿದ್ದು. ನಾನೂ ನಿಮ್ಮಪ್ಪನೂ ಒಂದೇ ಟ್ರ್ಯಾಕ್ಟ್ರಲ್ಲಿ ತಂದಿದ್ದು. ನಡುವೆ ಇರೋದು ಒಂದೇ ಗೋಡೆ. ಗೋಡೆ ಈ ಕಡೆ ಫೇಲು, ಆ ಕಡೆ ಪಾಸಾ?"

ದೀಪು ಹೊರೆ ಹೊತ್ಕೊಂಡೇ ಆ ಗೋಡೆ ಕಡೆ ನೋಡ್ದ. ಒಂದೇ ಗೋಡೆಗೆ ಎರಡು ಮಾರ್ಕ್ಸ್ ಹೆಂಗೆ? ಡಬ್ಬಿ ಕೆಟ್ಟೋಗಿತ್ತಾ, ಮೇಡಂ ತಪ್ಪು ಮಾಡಿದ್ರಾ, ಇಲ್ಲಾ ದೊಡ್ಡಪ್ಪನ ಬೀಡಿನಾ?

ಮನೆಗೆ ಬಂದೋನು ಸೀದಾ ಅವ್ವನ ಹತ್ರ ಹೋದ. ಸರಸಮ್ಮ ಒಲೆ ಮುಂದೆ ಬಾಣಂತಿಗೆ ಮೆಣಸಿನ ಸಾರು ಕುದಿಸ್ತಿದ್ಲು.

"ಅವ್ವ, ಆ ಮೇಡಂಗೆ ಡಬ್ಬಿ ಇಳಿಸ್ಕೊಟ್ಟಿದ್ದು ನೀನಲ್ವಾ? ಎಲ್ಲಿಂದ ಇಳಿಸ್ದೆ?"

"ಹುಳದ ಮನೆಯಿಂದ. ಇನ್ನೆಲ್ಲಿಂದ?"

"ಹುಳದ ಮನೆಗೆ ಅದ್ಯಾಕ್ ಹೋಯ್ತು?"

"ನಾನೇ ಕಟ್ಟಿದ್ದೆ. ಹುಳ ಕೊಲ್ಲೋ ಊಜಿ ನೊಣ ಹಿಡಿಯೋಕಲ್ವಾ ಅದು? ರೇಷ್ಮೆ ಇಲಾಖೆಯೋರು ಬುಟ್ರೆ ನಮ್ಮನೆಗೆ ಬಂದು ಡಬ್ಬಿ ಕಟ್ಟೋರು ಯಾರವ್ರೆ? ಪಾಪ, ಹೊಸ ಹುಡ್ಗಿ, ಗೊತ್ತಾಗ್ದೆ ಮನುಸ್ರ ಕ್ವಾಣೇಲಿ ಕಟ್ಬುಟ್ಟಿತ್ತು. ಅವ್ಳು ಹೋದ ಮಾರನೇ ದಿನ್ವೇ ತಗೊಂಡೋಗಿ ತಟ್ಟೆ ಸಾಲಿನ ಹಿಂದೆ ಸರಿಯಾದ್ ಜಾಗಕ್ಕೆ ಕಟ್ದೆ. ಒಂದು ನೊಣನೂ ಬೀಳ್ನಿಲ್ಲ. ದಂಡದ್ ಡಬ್ಬಿ."

ದೀಪು ಅಲ್ಲೇ ಕುಕ್ಕರಿಸಿದ. ಹುಳದ ಮನೆ ಅಂದ್ರೆ ಹಿತ್ತಲಲ್ಲಿ ಬೇರೇನೇ ಕಟ್ಟಿದ್ದು. ನಾಲ್ಕೂ ಕಡೆ ಜಾಲರಿ ಕಿಟಕಿ, ಹಗಲೂ ರಾತ್ರಿ ಗಾಳಿ ಆಡ್ತಿರುತ್ತೆ. ಒಳಗೆ ಊದ್ಬತ್ತಿ ಹಚ್ಚಂಗಿಲ್ಲ, ಒಗ್ಗರಣೆ ವಾಸನೆ ಬರಂಗಿಲ್ಲ. ಚಲುವಯ್ಯ ಬಂದ್ರೆ ಬೀಡಿ ಅಂಗಳದಲ್ಲೇ ಹೊಸಕಿ ಬರ್ಬೇಕು. ಪಾಸಾಗಿದ್ದು ಅದು. ಅಕ್ಕನ ಕ್ವಾಣೆ ಪರೀಕ್ಷೆಗೇ ಕೂತಿಲ್ಲ.

ಮತ್ತೆ ಸುಮನಾಗೆ ಫೋನ್ ಮಾಡಿ ವಿಷಯ ಹೇಳ್ದ.

"ಹಾಗಾದ್ರೆ ಒಳಕೋಣೇಲಿ ಎಷ್ಟಿದೆಯೋ ನಂಗೆ ಗೊತ್ತಿಲ್ಲ ದೀಪು. ಪಕ್ಕದ ಮನೆ ತರಾನೇ ಜಾಸ್ತಿ ಇರಬಹುದು, ಇಲ್ಲದೇನೂ ಇರಬಹುದು. ಹೊಸ ಡಬ್ಬಿ ತರ್ತೀನಿ."

"ಅಕ್ಕಂಗೆ ತಲೆನೋವು ಮೇಡಂ. ಅವನ್ದೇ ಕೆಲಸಾನಾ?"

"ರೇಡಾನ್‌ನಿಂದ ತಲೆನೋವು ಬರಲ್ಲ. ಅದು ನಿಧಾನದ್ದು. ಒಳಗೆ ಏನಾದ್ರೂ ಉರಿಸ್ತಿದ್ದೀರಾ?"

"ಕೆಂಡ ಇಟ್ಟವ್ರೆ. ಬಾಣಂತಿ ಬೆಚ್ಚಗಿರ್ಲಿ ಅಂತ."

"ಕಿಟಕಿ?"

"ಗೋಣಿಚೀಲ."

"ಫೋನ್ ಇಟ್ಟು ಮೊದಲು ಆ ಕೆಂಡ ಆಚೆ ಹಾಕು. ಅಕ್ಕನ್ನೂ ಮಗೂನೂ ಹೊರಗೆ ಕರ್ಕೊಂಡು ಬಂದು ಡಾಕ್ಟರ್‌ಗೆ ತೋರಿಸು. ಮುಚ್ಚಿದ ಕೋಣೇಲಿ ಕೆಂಡದಿಂದ ಬರೋ ಗಾಳಿಗೂ ವಾಸನೆ ಇರಲ್ಲ. ಅದು ವರ್ಷ ಕಾಯಲ್ಲ, ಒಂದೇ ರಾತ್ರಿ ಸಾಕು."

ಒಬ್ಬ ವಿಲನ್ನ ಹುಡುಕೋಕೆ ಹೋದ್ರೆ ಇಬ್ಬರು ಸಿಕ್ಕಿದ್ರು. ಇಬ್ಬರಿಗೂ ಮುಖ ಇಲ್ಲ. ಒಬ್ಬ ನಿಧಾನ, ಇನ್ನೊಬ್ಬ ಅರ್ಜೆಂಟು. ಯಾರ ತಲೆನೋವು ಯಾರದು ಅನ್ನೋದು ದೀಪುಗೆ ಕಲಸುಮೇಲೋಗರ ಆಯ್ತು. ಕೆಂಡ ಎತ್ತಬೇಕು ಅನ್ನೋದೊಂದು ಗಟ್ಟಿಯಾಗಿ ಉಳೀತು.

ಬಾಗ್ಲು ತಳ್ಳಿ ಬಾಣ್ಲಿಗೆ ಕೈ ಹಾಕಿದ. ಸರಸಮ್ಮ ಅಡ್ಡ ಬಂದ್ಲು.

"ಏನ್ಲಾ ಮಾಡ್ತಿದ್ದೀಯ?"

"ಅವ್ವ, ಈ ಕೆಂಡದಲ್ಲಿ ವಿಷ ಐತೆ. ಈ ಕಲ್ಲಲ್ಲೂ ಐತೆ. ಐತೋ ಇಲ್ವೋ ಗೊತ್ತಿಲ್ಲ. ಮೇಡಂ ಹೇಳಿದ್ರು."

"ಐತೋ ಇಲ್ವೋ ಗೊತ್ತಿಲ್ದೋರ್ ಮಾತು ಕಟ್ಕೊಂಡು ಬಂದವ್ನೆ. ನಿನ್ನೂ ಇದೇ ಕ್ವಾಣೇಲಿ, ಇದೇ ಬಾಣ್ಲಿ ಇಟ್ಟು ಸಾಕಿದ್ದು."

"ನಾನು ಹಿಂಗ್ಯಾಕಾದೆ ಅಂತ ಈಗ ಗೊತ್ತಾಯ್ತು."

"ನಿನ್ ಪಿಚ್ಚರ್ ಮಾತು ಊರೋರ್ ಮುಂದೆ ಮಡಿಕ್ಕೊ. ಹಸಿ ಬಾಣಂತಿಗೆ ಶೀತ ತಗುಲಿ ಸನ್ನಿಯಾದ್ರೆ ನೀನ್ ನೋಡ್ಕೊಂಡೀಯಾ? ನಡಿ ಆಚೆ."

ಮಂಚದ ಮೇಲೆ ಅಕ್ಕ ಕಣ್ಣು ಅರೆ ಮುಚ್ಕೊಂಡು ಮಲಗಿದ್ಲು. ಮಾತು ಅವಳಿಗೆ ಮುಟ್ತಾ ಐತೋ ಇಲ್ವೋ ತಿಳೀಲಿಲ್ಲ. ಕೂಸು ಅಲ್ಲಾಡ್ತಿರಲಿಲ್ಲ. ನಿದ್ದೇನೋ ಏನೋ. ಅವ್ವನ್ನ ತಳ್ಳಿ ಎತ್ಬೇಕಾ? ಅಪ್ಪನ್ನ ಕರೀಬೇಕಾ? ಅಪ್ಪ ರಾಮನಗರದ ರೇಷ್ಮೆ ಗೂಡಿನ ಮಾರ್ಕೆಟ್ಟಿಗೆ ರೇಟು ಕೇಳೋಕೆ ಹೋಗಿದ್ದ. ಇಷ್ಟು ದಿನ ಊರಿಗೆಲ್ಲ ಸುಳ್ಳು ನಂಬಿಸಿದ್ದೋನಿಗೆ ಒಂದು ನಿಜ ನಂಬಿಸೋಕೆ ದಾರಿ ಕಾಣ್ಲಿಲ್ಲ.

ಹಿತ್ತಲಿಗೆ ಓಡ್ದ. ಹುಳದ ಮನೆಗೆ ನುಗ್ಗಿ, ಕೊನೇ ಸಲ ಪೊರೆ ಬಿಟ್ಟೆದ್ದು ಸೊಪ್ಪು ಮೇಯ್ತಿದ್ದ, ವಾರದಲ್ಲಿ ಗೂಡು ಕಟ್ಟೋ ಹುಳದ ತಟ್ಟೆ ಒಂದನ್ನ ಎತ್ತಿ, ತಲೆ ಮೇಲಿಟ್ಕೊಂಡು ಬಂದು ಬಾಣಂತಿ ಮಂಚದ ಪಕ್ಕ ಇಳಿಸ್ದ.

ಸರಸಮ್ಮ ಸೌಟು ಹಿಡ್ಕೊಂಡೇ ಓಡಿ ಬಂದ್ಲು.

"ಲೇ ಮುಟ್ಠಾಳ, ಎತ್ಲಾ ತಟ್ಟೇನ. ಈ ಕ್ವಾಣೇಲಿ ಹುಳ ಬದುಕ್ತವಾ? ಕಿಟಕಿ ಮುಚ್ಚೈತೆ, ಕೆಂಡ ಐತೆ, ಹೊಗೆ ಐತೆ. ಉಸ್ರು ಕಟ್ಟಿ ಸತ್ತೋಯ್ತವೆ."

ದೀಪು ತಟ್ಟೆ ಎತ್ಲಿಲ್ಲ, ಮಂಚದ ಕಡೆ ಕೈ ತೋರಿಸ್ದ.

ಮಂಚದಿಂದ ಅಕ್ಕ ತೊದಲ್ತಾ ಹೇಳಿದ್ಲು. "ಅವ್ವ, ಮೊದ್ಲು ನಮ್ಮನ್ನ ಎತ್ತು. ಆಮೇಲೆ ತಟ್ಟೆ."

ಸರಸಮ್ಮ ಹುಳದ ಕಡೆ ನೋಡಿದ್ಲು, ಮಗಳ ಕಡೆ ನೋಡಿದ್ಲು. ಸೌಟು ಅಲ್ಲೇ ಬಿಟ್ಟು ಕೂಸನ್ನ ಎದೆಗೆ ಅವಚ್ಕೊಂಡು ಅಂಗಳಕ್ಕೆ ಓಡಿದ್ಲು. ಬಿಸಿಲಿಗೆ ಮುಖ ಬಿದ್ದಿದ್ದೇ ಕೂಸು ಕಿಟಾರ್ ಅಂತ ಅಳ್ತು. ದೀಪು ಅಕ್ಕನ್ನ ಹೆಗಲಿಗೆ ಹಾಕ್ಕೊಂಡು ಆಚೆ ತಂದ, ವಾಪಸ್ ಹೋಗಿ ಬಾಣ್ಲಿ ಎತ್ತಿ ತಿಪ್ಪೆಗೆ ಸುರ್ದ, ಗೋಣಿಚೀಲ ಕಿತ್ತು ಎಸೆದ, ಕೊನೇಲಿ ಹುಳದ ತಟ್ಟೆ ಆಚೆಗಿಟ್ಟ. ಚಲುವಯ್ಯ ಯಾವ ಪ್ರಶ್ನೆನೂ ಕೇಳ್ದೆ ಆಟೋ ತಂದ. ಕನಕಪುರದ ಆಸ್ಪತ್ರೇಲಿ ಆಕ್ಸಿಜನ್ ಹಾಕಿ, ಒಂದು ದಿನ ಇಟ್ಕೊಂಡು, ತಾಯಿ ಮಗು ಇಬ್ರೂ ಹುಷಾರು ಅಂತ ಕಳಿಸಿದ್ರು. ಇನ್ನೊಂದು ರಾತ್ರಿ ಬಿಟ್ಟಿದ್ರೆ ಅಂತ ಡಾಕ್ಟ್ರು ಶುರು ಮಾಡಿದ ಮಾತು ಪೂರ್ತಿ ಕೇಳೋಕೆ ಸರಸಮ್ಮ ಅಲ್ಲಿ ನಿಲ್ಲಲಿಲ್ಲ.

ಮನೆಗೆ ಬಂದ್ಮೇಲೆ ಅಕ್ಕ ನಡುಮನೇಲಿ ಮಲಗಿದ್ಲು. ಅಲ್ಲಿ ದೊಡ್ಡ ಕಿಟಕಿ.

"ಈಗ ಯಾವ ಗಾಳಿ ಹೋಯ್ತು, ಯಾವ ಗಾಳಿ ಉಳೀತು ದೀಪು?"

"ಕೆಂಡದ್ದು ಹೋಯ್ತು. ಕಲ್ಲಿಂದು ಅಳೀಬೇಕು. ಮೇಡಂ ನಾಡಿದ್ದು ಬತ್ತಾರೆ."

"ಜಾಸ್ತಿ ಬಂದ್ರೆ?"

"ನೆಲದ ಸಂದು ಮುಚ್ಬೇಕಂತೆ, ಗಾಳಿ ಆಡಂಗೆ ಮಾಡ್ಬೇಕಂತೆ."

"ಕಮ್ಮಿ ಬಂದ್ರೆ?"

"ಗೊತ್ತಿಲ್ಲಕ್ಕ. ನಂಗೆ ಇನ್ನೂ ಅರ್ಧ ಅರ್ಥ ಆಗಿಲ್ಲ."

ಹೊರಗಿಂದ ತಣ್ಣಗೆ ಗಾಳಿ ಬೀಸ್ತು. ಕೂಸು ಸೀನ್ತು. ಸರಸಮ್ಮ ಎದ್ದೋಳೇ ಕಿಟಕಿ ಬಾಗ್ಲಿಗೆ ಕೈ ಹಾಕಿದ್ಲು. ಕೈ ಹಂಗೇ ಒಂದು ಗಳಿಗೆ ನಿಂತೋಯ್ತು. ಆಮೇಲೆ ಕಿಟಕಿ ಹಾಕ್ದೇನೇ ವಾಪಸ್ ಬಂದು, ಮೊಮ್ಮಗಳ ಕುಲಾವಿನ ಕಿವಿ ಮುಚ್ಚೋ ತನ್ಕ ಎಳೆದು ದಾರ ಬಿಗಿದ್ಲು.