ಒಂದನೇ ಆಪರೇಟರ್

ಗಲ್ಲಿಯಲ್ಲಿ ಅವಳನ್ನು ಎಲ್ಲರೂ ಸ್ಪ್ರಿಂಗಕ್ಕ ಎಂದೇ ಕರೆಯುತ್ತಿದ್ದರು. ಅಪ್ಪ ತೀರಿಕೊಂಡು ಸ್ಪ್ರಿಂಗ್ ವರ್ಕ್‌ಶಾಪ್ ಅವಳ ಹೆಗಲಿಗೆ ಬಿದ್ದು ಹನ್ನೊಂದು ವರ್ಷವಾಗಿತ್ತು. ಎರಡು ಸುರುಳಿ ಯಂತ್ರ, ಒಂದು ಕುಲುಮೆ, ಒಂದು ಎಣ್ಣೆ ತೊಟ್ಟಿ, ಆರು ಜನ ಕೆಲಸಗಾರರು. ಆರ್ಡರ್ ಹಿಡಿಯುವುದು, ತಂತಿ ತರಿಸುವುದು, ಗಿರಾಕಿಗಳನ್ನು ಸಂಭಾಳಿಸುವುದು ಅವಳ ಪಾಲು. ಕುಲುಮೆ ಮಾತ್ರ ಸೋದರಮಾವನದು.

ಮಾವ ಮೂವತ್ತಾರು ವರ್ಷದಿಂದ ಅದರ ಮುಂದೆ ನಿಂತವರು. ಕಾದ ಉಕ್ಕು ಹಳದಿಯಿಂದ ನೇರಳೆಗೆ, ನೇರಳೆಯಿಂದ ನೀಲಿಗೆ ತಿರುಗುವ ಗಳಿಗೆಯನ್ನು ಕಣ್ಣಲ್ಲೇ ಹಿಡಿದು ಇಕ್ಕಳದಿಂದ ಹೊರಗೆಳೆಯುತ್ತಿದ್ದರು. ಅವರು ಹದ ಮಾಡಿದ ಸ್ಪ್ರಿಂಗ್ ಮುರಿದು ವಾಪಸ್ ಬಂದದ್ದನ್ನು ಅವಳು ಕಂಡೇ ಇರಲಿಲ್ಲ.

ಆದರೆ ಕಾಲ ಬದಲಾಗಿತ್ತು. ವರ್ಕ್‌ಶಾಪಿನ ಮಾಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಕೊಳ್ಳುತ್ತಿದ್ದ ಪಂಪ್ ಕಂಪನಿಯವರು ಒಂದು ದಿನ ಪರೀಕ್ಷಾ ವರದಿ ಕೇಳಿದರು. ಅವಳು ಮಾವನ ವಿಷಯ ಹೇಳಿದಳು. ಖರೀದಿ ಮ್ಯಾನೇಜರ್ ನಕ್ಕು, "ನಿಮ್ಮ ಮಾವನ ಕಣ್ಣಿಗೆ ಸರ್ಟಿಫಿಕೇಟ್ ಇದೆಯಾ ಮೇಡಂ?" ಎಂದ. ಅವಳೂ ನಕ್ಕಳು. ಮನೆಗೆ ಬಂದ ಮೇಲೂ ಆ ಮಾತು ಮುಳ್ಳಿನ ಹಾಗೆ ಚುಚ್ಚುತ್ತಲೇ ಇತ್ತು.

ಅದೇ ತಿಂಗಳು ಸಣ್ಣ ಕೈಗಾರಿಕೆಯವರ ಸಭೆಗೆ ವಿಶ್ವವಿದ್ಯಾಲಯದ ಪ್ರೊಫೆಸರ್ ಒಬ್ಬರು ಬಂದರು. ನಿಮ್ಮಲ್ಲಿ ಅನುಭವವಿದೆ, ನಮ್ಮಲ್ಲಿ ಲ್ಯಾಬ್ ಇದೆ, ಇಬ್ಬರೂ ಕೈಜೋಡಿಸೋಣ ಎಂದರು. ಅವಳಿಗೆ ಹೋದ ಜೀವ ಬಂದ ಹಾಗಾಯಿತು. ಇಪ್ಪತ್ತಾರು ಪುಟದ ಒಪ್ಪಂದ ಬಂತು. ಮೊದಲ ನಾಲ್ಕು ಪುಟ ಗಮನವಿಟ್ಟು ಓದಿದಳು, ಮುಂದಿನದರ ಮೇಲೆ ಕಣ್ಣಾಡಿಸಿದಳು, ಕೊನೆಯದಕ್ಕೆ ಸಹಿ ಹಾಕಿದಳು.

"ಯೂನಿವರ್ಸಿಟಿಯವರಿಗೆ ನಮ್ಮ ಮಸಿ ಕೋಣೇಲಿ ಏನಮ್ಮ ಕೆಲಸ?" ಎಂದರು ಮಾವ.

"ನೀವು ಮಾಡೋದನ್ನ ಅಳೆದು ಬರ್ಕೋತಾರೆ ಮಾವ. ಆಮೇಲೆ ಯಾರೂ ನಮ್ಮನ್ನ ಹಗುರವಾಗಿ ಮಾತಾಡಲ್ಲ."

ಅಳೆಯಲು ಬಂದವಳು ಪಿಎಚ್‌ಡಿ ಮಾಡುತ್ತಿದ್ದ ಹೆಂಗಸು. ಸ್ಟೂಲ್ ಹಾಕಿಕೊಂಡು ಕುಲುಮೆಯ ಪಕ್ಕ ಕೂತವಳು ಎಂಟು ತಿಂಗಳು ಏಳಲಿಲ್ಲ. ಕುಲುಮೆಯೊಳಗೆ ಮೀಟರಿನ ತಂತಿ ಇಳಿಬಿಟ್ಟು ಶಾಖ ನೋಡುವಳು, ಕ್ಯಾಮೆರಾದಲ್ಲಿ ಬಣ್ಣ ಹಿಡಿಯುವಳು. ಮೊದಲ ವಾರ ಮಾವ ಮುಖ ಗಂಟಿಕ್ಕಿಕೊಂಡೇ ಇದ್ದರು. ಎರಡನೇ ವಾರ ಆಕೆ, "ಇದನ್ನ ಯಾಕೆ ಎರಡು ಎಣಿಕೆ ಜಾಸ್ತಿ ಬಿಟ್ರಿ?" ಎಂದು ಕೇಳಿದಳು. ಮೂವತ್ತಾರು ವರ್ಷದಲ್ಲಿ ಯಾರೂ ಕೇಳದಿದ್ದ ಪ್ರಶ್ನೆ ಅದು. ಮಾವ ಕರಗಿಹೋದರು. ಅಂದಿನಿಂದ ಆಕೆ ಅವರ ಬಾಯಲ್ಲಿ "ಟೀಚರಮ್ಮ" ಆದಳು. ತಂತಿ ಸುತ್ತಿನ ಒಳತುದಿಯ ಗುಣ ಬೇರೆ, ಹೊರತುದಿಯ ಗುಣ ಬೇರೆ ಎಂಬುದರಿಂದ ಹಿಡಿದು ಎಲ್ಲ ಹೇಳಿದರು.

ಎಲ್ಲ ಅಂದರೆ, ಒಂದನ್ನು ಬಿಟ್ಟು. ಕೆಲಸಗಾರರೂ ಟೀಚರಮ್ಮನೂ ಊಟಕ್ಕೆ ಹೋದ ಮೇಲೆ ಮಾವ ಸ್ಪ್ರಿಂಗುಗಳನ್ನು ಬೆಚ್ಚಗಿನ ಬೂದಿ ಪೆಟ್ಟಿಗೆಯಲ್ಲಿ ಹೂತಿಡುತ್ತಿದ್ದರು. ಎಷ್ಟು ಹೊತ್ತು, ಯಾವಾಗ ತೆಗೆಯಬೇಕು ಎಂಬುದು ಅವರಿಗೆ ಮಾತ್ರ ಗೊತ್ತು. ಟೀಚರಮ್ಮನ ಲೆಕ್ಕ ಅಲ್ಲೇ ಕೈಕೊಡುತ್ತಿತ್ತು. ಲ್ಯಾಬಿನಲ್ಲಿ ಮಾಡಿದ ಸ್ಪ್ರಿಂಗುಗಳು ಪರೀಕ್ಷೆಯಲ್ಲಿ ಪಟಪಟನೆ ಮುರಿಯುತ್ತಿದ್ದವು. ಪ್ರೊಫೆಸರ್ ಸ್ಪ್ರಿಂಗಕ್ಕನಿಗೆ ಫೋನ್ ಮಾಡಿ, ನಿಮ್ಮವರು ಏನೋ ಮುಚ್ಚಿಡುತ್ತಿದ್ದಾರೆ, ಹೀಗಾದರೆ ವರದಿ ಕೊಡಲು ಆಗುವುದಿಲ್ಲ ಎಂದರು.

ಅವಳು ಮಾವನ ಎದುರು ಸ್ಟೂಲ್ ಎಳೆದು ಕೂತಳು.

"ಹೇಳಿಬಿಡಿ ಮಾವ."

"ಅದೊಂದು ಇರ್ಲಿ ಬಿಡಮ್ಮ. ನಿಮ್ಮಪ್ಪ ನಾನು ಎರಡು ವರ್ಷ ಒದ್ದಾಡಿ ಕಂಡ್ಕೊಂಡಿದ್ದು. ಅದೊಂದಾದ್ರೂ ನಮ್ಮ ಮನೇಲಿರ್ಲಿ."

"ಮನೇಲಿಟ್ಕೊಂಡು ಏನು ಮಾಡೋಣ? ಆರ್ಡರ್ ಹೋದ್ಮೇಲೆ ಪೂಜೆ ಮಾಡೋಣ್ವಾ?"

ಮಾವ ಇಕ್ಕಳದ ಮಸಿ ಒರೆಸತೊಡಗಿದರು.

"ಅಪ್ಪ ಇದ್ದಿದ್ರೆ ಹೇಳಿಬಿಡು ಅಂತಿದ್ರು," ಎಂದಳು. ಅಪ್ಪ ಹಾಗೆ ಖಂಡಿತ ಅನ್ನುತ್ತಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು, ಮಾವನಿಗೂ ಗೊತ್ತಿತ್ತು.

ಮರುದಿನ ಎಲ್ಲರೂ ಊಟಕ್ಕೆ ಹೋದಾಗ ಮಾವ ಟೀಚರಮ್ಮನನ್ನು ಉಳಿಸಿಕೊಂಡರು. ಬೂದಿಯಿಂದ ತೆಗೆದ ಸ್ಪ್ರಿಂಗನ್ನು ಉಗುರಿನಿಂದ ಮೀಟಿ, ಆ ಸದ್ದು ಹೇಗಿರಬೇಕು ಎಂದು ಅವಳ ಕಿವಿಯ ಹತ್ತಿರ ಹಿಡಿದು ಕೇಳಿಸಿದರು.

ವರದಿ ಬಂತು. ಚಂದದ ರಟ್ಟು, ಬಣ್ಣದ ನಕ್ಷೆಗಳು. ಅದರಲ್ಲಿ ಮಾವನ ಹೆಸರು ಎಲ್ಲೂ ಇರಲಿಲ್ಲ. "ಒಂದನೇ ಆಪರೇಟರ್" ಎಂದಿತ್ತು. ಒಂದನೇ ಆಪರೇಟರ್ ಶಾಸ್ತ್ರೀಯ ತಿಳಿವಳಿಕೆಯಿಲ್ಲದೆ ಅಭ್ಯಾಸಬಲದಿಂದ ಅನುಸರಿಸುತ್ತಿದ್ದ ಕ್ರಮವನ್ನು ಸಂಶೋಧನಾ ತಂಡ ನಿಖರಗೊಳಿಸಿದೆ ಎಂದೂ ಇತ್ತು. ಮಾವ ಓದಿಸಿಕೊಂಡು ಕೇಳಿದರು. "ಪರವಾಗಿಲ್ಲ, ಎರಡನೇ ಆಪರೇಟರ್ ಅಂತ ಬರೀಲಿಲ್ವಲ್ಲ," ಎಂದು ನಕ್ಕು ಎದ್ದು ಹೋದರು.

ನಾಲ್ಕು ತಿಂಗಳಾದ ಮೇಲೆ ಪಂಪ್ ಕಂಪನಿಯಿಂದ ಪತ್ರ ಬಂತು. ಇನ್ನು ಮುಂದೆ ಸ್ಪ್ರಿಂಗುಗಳನ್ನು ತಾವೇ ತಯಾರಿಸಿಕೊಳ್ಳುವುದಾಗಿ ಬರೆದಿದ್ದರು. ವಿಶ್ವವಿದ್ಯಾಲಯ ಆ ವಿಧಾನದ ಪೇಟೆಂಟಿಗೆ ಅರ್ಜಿ ಹಾಕಿ ಅವರಿಗೆ ಪರವಾನಗಿ ಕೊಟ್ಟಿತ್ತು. ಟೀಚರಮ್ಮನಿಗೂ ಆ ಕಂಪನಿಯಲ್ಲೇ ಕೆಲಸ ಸಿಕ್ಕಿತ್ತು.

ಸ್ಪ್ರಿಂಗಕ್ಕ ಒಪ್ಪಂದ ಹಿಡಿದುಕೊಂಡು ಪ್ರೊಫೆಸರ್ ಕೋಣೆಗೆ ಹೋದಳು. ಅವರು ಕೂರಿಸಿ, ಟೀ ತರಿಸಿ, ಹತ್ತೊಂಬತ್ತನೇ ಪುಟ ತೆಗೆದು ತೋರಿಸಿದರು. ಸಂಶೋಧನೆಯಿಂದ ಸಿಕ್ಕ ವಿಧಾನದ ಒಡೆತನ ವಿಶ್ವವಿದ್ಯಾಲಯದ್ದು ಎಂದು ಅಲ್ಲಿತ್ತು. "ನಿಮ್ಮ ಹಕ್ಕು ಎಲ್ಲೂ ಹೋಗಿಲ್ಲಮ್ಮ. ನೀವೂ ಇದನ್ನ ಉಚಿತವಾಗಿ ಬಳಸಬಹುದು."

"ನಮ್ಮದನ್ನ ನಾವು ಬಳಸೋಕೆ ನಿಮ್ಮ ಅಪ್ಪಣೆನಾ ಸಾರ್?"

"ಹಾಗಲ್ಲ. ನೀವು ಓದಿ ಸಹಿ ಹಾಕಿದ್ದೀರಿ."

ವಿಷಯ ತಿಳಿದ ಮಾವನೂ ಹೆಚ್ಚು ಕಡಿಮೆ ಅದನ್ನೇ ಹೇಳಿದರು. "ನೀನು ಓದಿದವಳು, ಓದೇ ಸೈನ್ ಹಾಕಿರ್ತೀಯ ಅಂದ್ಕೊಂಡಿದ್ದೆ." ಅದರಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ಅವಳಿಗೆ ಸ್ವಲ್ಪ ಹಗುರವಾಗುತ್ತಿತ್ತು.

ಮೂವರು ಕೆಲಸಗಾರರನ್ನು ಬಿಡಿಸಬೇಕಾಯಿತು. ಆಮೇಲೆ ಒಂದು ಬೆಳಿಗ್ಗೆ ಮಾವ ಇಸ್ತ್ರಿ ಮಾಡಿದ ಶರಟು ತೊಟ್ಟು ಬಂದರು. ಪಂಪ್ ಕಂಪನಿಯ ಹೊಸ ಕುಲುಮೆಯಲ್ಲಿ ವರದಿಯ ಪ್ರಕಾರ ಮಾಡಿದರೂ ನೂರಕ್ಕೆ ಹತ್ತು ಮುರಿಯುತ್ತಿವೆಯಂತೆ. ಟೀಚರಮ್ಮನೇ ಮನೆಗೆ ಬಂದು ಕೆಲಸಕ್ಕೆ ಕರೆದಿದ್ದಳಂತೆ.

"ಹೋಗ್ತೀರಾ?"

"ಹೋಗ್ತೀನಿ."

"ನಮ್ಮ ಹೊಟ್ಟೆ ಮೇಲೆ ಹೊಡೆದವರ ಹತ್ರ?"

"ನಾನಾಗಿ ಅವರಿಗೆ ಏನೂ ಕೊಟ್ಟಿರ್ಲಿಲ್ಲ ಕಣಮ್ಮ. ಕೊಡಿಸಿದ್ದು ನೀನು." ಮಾವ ಕುಲುಮೆಯ ಕಡೆ ನೋಡಲೂ ಇಲ್ಲ. "ಅವಳಾದ್ರೂ ಯಾಕೆ, ಹೇಗೆ ಅಂತ ಕೇಳಿದ್ಲು. ನೀನು ಹುಟ್ಟಿದಾಗಿಂದ ಇಲ್ಲೇ ಇದ್ದೀಯ, ಒಂದು ದಿನ ಕೇಳಿದ್ಯಾ?"



ವರ್ಷ ತುಂಬುವ ಹೊತ್ತಿಗೆ ಸ್ಪ್ರಿಂಗಕ್ಕ ತಾನೇ ಇಕ್ಕಳ ಹಿಡಿದು, ಬಾಗಿಲ ಚಿಲಕ, ತಕ್ಕಡಿಗಳಿಗೆ ಬೇಕಾದ ಚಿಲ್ಲರೆ ಸ್ಪ್ರಿಂಗ್ ಮಾಡುತ್ತಿದ್ದಳು. ಅಂಥ ಗಿರಾಕಿಗಳೂ ಈಗ ವಿಶ್ವವಿದ್ಯಾಲಯದ ಲ್ಯಾಬಿನ ಸರ್ಟಿಫಿಕೇಟ್ ಕೇಳುತ್ತಿದ್ದರು. ಹಾಗಾಗಿ ಪ್ರೊಫೆಸರ್ ಫೋನ್ ಮಾಡಿ, ವಾರ್ಷಿಕ ಸಮಾವೇಶದಲ್ಲಿ ಸಹಭಾಗಿತ್ವದ ಬಗ್ಗೆ ಐದು ನಿಮಿಷ ಮಾತಾಡಿ ಎಂದಾಗ ಅವಳಿಗೆ ಇಲ್ಲ ಅನ್ನಲಾಗಲಿಲ್ಲ. ಆದರೆ ಹೇಳಬೇಕಾದ್ದನ್ನು ಮುಖಕ್ಕೆ ಹೊಡೆದ ಹಾಗೆ ಹೇಳಿಯೇ ಬರುವುದೆಂದು ನಿರ್ಧರಿಸಿ, ಎರಡು ಪುಟ ಬರೆದುಕೊಂಡು ಹೋದಳು.

ವೇದಿಕೆ ಹತ್ತಿದಾಗ ಮೂರನೇ ಸಾಲಿನಲ್ಲಿ ಪಂಪ್ ಕಂಪನಿಯ ನೀಲಿ ಕೋಟು ತೊಟ್ಟು ಮಾವ ಕೂತಿದ್ದರು. ಮೊದಲ ಸಾಲಿನಲ್ಲಿ ಸರ್ಟಿಫಿಕೇಟಿಗೆ ಮೊಹರು ಹಾಕುವ ಅಧಿಕಾರಿಗಳು. ಅವಳು ಹಾಳೆ ಬಿಡಿಸಿದಳು, ಮತ್ತೆ ಮಡಿಸಿದಳು. ವಿಶ್ವವಿದ್ಯಾಲಯದ ಜೊತೆ ಕೆಲಸ ಮಾಡಿದ್ದರಿಂದ ನಮ್ಮಂಥ ಸಣ್ಣವರಿಗೆ ತುಂಬ ಕಲಿಯಲು ಸಿಕ್ಕಿತು ಎಂದಳು. ಚಪ್ಪಾಳೆ ಬಿತ್ತು. ಮಾವನೂ ತಟ್ಟಿದರು.

ಹೊರಗೆ ಕಾಫಿ ಕುಡಿಯುವಾಗ ಮಾವ ಹತ್ತಿರ ಬಂದರು. "ಚೆನ್ನಾಗಿ ಮಾತಾಡಿದೆ," ಎಂದರು. ಇನ್ನೇನಾದರೂ ಹೇಳುತ್ತಾರೆಂದು ಅವಳು ಕಾದಳು. ಕಂಪನಿಯ ವ್ಯಾನ್ ಹಾರ್ನ್ ಹೊಡೆಯಿತು. ಮಾವ ಲೋಟ ಕೆಳಗಿಟ್ಟು, ಅವಸರದಲ್ಲಿ ಹೋಗಿ ಹತ್ತಿಕೊಂಡರು.