ಇಳಿಜಾರಿನ ಹೆಜ್ಜೆ

ಪೈಪು ತೊಟ್ಟಿಗೆ ಮುಟ್ಟಲಿಲ್ಲ. ಗುಡ್ಡದ ಮೇಲಿನ ಟ್ಯಾಂಕಿನಿಂದ ಬಿಚ್ಚಿಕೊಂಡು ಬಂದ ಸುರುಳಿ, ಸಸಿಗಳ ಚಪ್ಪರಕ್ಕೆ ಇನ್ನೂ ಹತ್ತಾರು ಹೆಜ್ಜೆ ಇರುವಾಗಲೇ ಮುಗಿದುಹೋಯಿತು.

ನರ್ಸರಿಯವನು ಅದರ ತುದಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದ. ಹೊಸದಾಗಿ ಕೊಯ್ದ ಗುರುತು. ಪೈಪು ಕೊಟ್ಟದ್ದು ಪೇಟೆಯಲ್ಲಿ ಅಂಗಡಿ ಇಟ್ಟಿರುವ ಹೆಂಡತಿಯ ಅಣ್ಣ. ಅಳೆಯುವಾಗ ಒಳಗೊಳಗೇ ನಗುತ್ತಿದ್ದ. ಚಹಾ ಬೇರೆ ಕುಡಿಸಿದ್ದ. ಯಾವತ್ತೂ ಇಲ್ಲದ ಚಹಾ ಆವತ್ತೇ ಯಾಕೆ?

"ನಿಮ್ಮಣ್ಣ ನನ್ನ ಕಣ್ಣಿಗೆ ಮಣ್ಣೆರಚಿದ," ಎಂದ.

"ಉದ್ದ ಹೇಳಿದ್ದು ಯಾರು?" ಹೊತ್ತು ತಂದ ಕೊಡ ಇಳಿಸುತ್ತ ಹೆಂಡತಿ ಕೇಳಿದಳು.

"ನಾನೇ, ಹೆಜ್ಜೆ ಎಣಿಸಿ. ನನ್ನ ಹೆಜ್ಜೆ ಇವತ್ತಿನವರೆಗೆ ತಪ್ಪಿಲ್ಲ."

ಅದು ಸುಳ್ಳಲ್ಲ. ಬಯಲಲ್ಲಿ ಪಾತಿ ಹಾಕುವಾಗ ಅವನು ಟೇಪು ಮುಟ್ಟುತ್ತಲೇ ಇರಲಿಲ್ಲ. ಹೆಜ್ಜೆಗೆ ಮುಕ್ಕಾಲು ಮೀಟರು, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ.

"ಈ ಬಿಸಿಲಿಗೆ ಸಸಿ ಸತ್ತರೆ ಆ ಮನೆ ಹೊಸ್ತಿಲು ತುಳಿಯಲ್ಲ. ನೀನೂ ತುಳೀಬೇಡ."

ತವರು ಅಂತ ಅವಳಿಗೆ ಉಳಿದದ್ದು ಆ ಅಣ್ಣ ಒಬ್ಬನೇ. ಕೊಡದ ನೀರನ್ನು ತೊಟ್ಟಿಗೆ ಸುರಿದು ಕೇಳಿದಳು: "ಎಲ್ಲಿಂದ ಎಣಿಸಿದ್ರಿ?"

"ಟ್ಯಾಂಕಿನಿಂದ ಕೆಳಕ್ಕೆ."

"ಈಗ ಇಲ್ಲಿಂದ ಮೇಲಕ್ಕೆ ಎಣಿಸಿ."

ಗೊಣಗುತ್ತಲೇ ಹತ್ತಿದ. ಹಳೆಯ ಲೆಕ್ಕ ಮುಗಿದರೂ ಟ್ಯಾಂಕು ಇನ್ನೂ ದೂರದಲ್ಲಿತ್ತು. ಟ್ಯಾಂಕನ್ನೇ ಯಾರಾದರೂ ಸರಿಸಿದರೋ ಎಂದು ಒಂದು ಗಳಿಗೆ ಅದರ ಮೇಲೂ ಅನುಮಾನ ಬಂತು.

"ಹತ್ತುವಾಗ ಗಿಡ್ಡ ಗಿಡ್ಡ ಹೆಜ್ಜೆ," ಕೆಳಗಿನಿಂದ ಹೆಂಡತಿ ಕೂಗಿ ಹೇಳಿದಳು. "ಇಳಿಯುವಾಗ ಹಗ್ಗ ಬಿಚ್ಚಿದ ಕರುವಿನ ಹಾಗೆ ಹಾರ್ತೀರಿ. ಎಲ್ಲಾನೂ ಮುಕ್ಕಾಲು ಮೀಟರಾ?"

ಅಷ್ಟರಲ್ಲಿ ಗೇಟಿನ ಬಳಿ ಸ್ಕೂಟರು ನಿಂತಿತು. ಹೆಗಲ ಮೇಲೆ ಸಣ್ಣದೊಂದು ಪೈಪಿನ ಸುರುಳಿ, ಕೈಯಲ್ಲಿ ಅದನ್ನು ಕೂಡಿಸುವ ಜಾಯಿಂಟು. ಹೆಂಡತಿಯ ಅಣ್ಣ.

ನರ್ಸರಿಯವನು ಇಳಿದು ಬಂದ. ಈ ಸಲ ನಿಧಾನವಾಗಿ. "ಸಾಲಲ್ಲ ಅಂತ ನಿಮಗೆ ಹೇಗೆ ಗೊತ್ತಾಯ್ತು?"

"ನೀವು ಗುಡ್ಡ ಇಳಿಯೋದನ್ನ ನಾನು ನೋಡಿಲ್ವಾ ಭಾವ? ಆವತ್ತೇ ಹೇಳೋಣ ಅಂತಲೇ ಕೂರಿಸಿ ಚಹಾ ಕೊಟ್ಟೆ. ಲೋಟ ಖಾಲಿಯಾಗೋವರೆಗೂ ನಿಮ್ಮ ಹೆಜ್ಜೆಯ ಪ್ರತಾಪವೇ ಮುಗೀಲಿಲ್ಲ. ನಾನು ಬಾಯಿ ಮುಚ್ಕೊಂಡೆ."

ಹೆಂಡತಿ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಹೊಸ್ತಿಲಿನ ಮಾತನ್ನು ಅವಳೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ.

ತುಂಡು ಕೂಡಿಸಿದ ಮೇಲೆ ತೊಟ್ಟಿಗೆ ನೀರು ಬಿತ್ತು. ನರ್ಸರಿಯವನು ಸದ್ದಿಲ್ಲದೆ ಒಳಗೆ ಹೋಗಿ, ತಾನೇ ಒಲೆ ಹಚ್ಚಿ, ಒಂದು ಲೋಟ ತಂದು ಹೆಂಡತಿಯ ಅಣ್ಣನ ಮುಂದೆ ಹಿಡಿದ.

ಅಣ್ಣ ಲೋಟವನ್ನೊಮ್ಮೆ, ಅವನ ಮುಖವನ್ನೊಮ್ಮೆ ನೋಡಿದ.

"ಯಾವತ್ತೂ ಇಲ್ಲದ ಚಹಾ ಇವತ್ತೇನು?"